ಸೊಸೆಗೊಂದು ಸೀಟು

ಶಹಾಡ್, ೧೨ ಜೂನ್ ೧೯೯೬

ನೆರೂಳದ ತರಬೇತಿ ಕೇಂದ್ರದ ನಳಿನಾಕ್ಷಿ ಅಕ್ಕೋರಿಗೆ,

ಶಹಾಡಿನ ಸತ್ಯಮ್ಮನ ಶರಣು. ನನ್ನ ಗುರುತು ನಿಮಗಿಲ್ಲ. ಕಲ್ಯಾಣದ ಕನ್ನಡ ಸಂಘದ ಗೋಡೆಗೆ ನಿಮ್ಮ ಕೇಂದ್ರದ ಕಾಗದ ಅಂಟಿಸಿದ್ದರು. ಮನಸ್ಸಿನ ಬೇನೆ, ಮನೆಯ ಜಗಳ ಇದ್ದಲ್ಲಿ ಮನೆಮಂದಿಯನ್ನೆಲ್ಲ ಕೂಡಿಸಿ ಮಾತಾಡಿಸುವ ವಿದ್ಯೆಯನ್ನು ಎರಡು ವರ್ಷ ಕಲಿಸುತ್ತೀರಿ, ಕನ್ನಡ ಬಲ್ಲ ಕೂಲಿಕಾರರ ಮನೆಯವರಿಗೆ ಒಂದು ಸೀಟು ಪುಕ್ಕಟೆ ಎಂದು ಅದರಲ್ಲಿತ್ತು. ನಿಂತಲ್ಲೇ ಎರಡು ಸಲ ಓದಿದೆ. ಆ ಸೀಟು ನನ್ನ ಸೊಸೆ ನಾಗವೇಣಿಗೆ ಕೊಡಬೇಕೆಂದು ಕೇಳಲು ಬರೆಯುತ್ತಿದ್ದೇನೆ.

ನಾವು ಗುಲಬರ್ಗಾ ಜಿಲ್ಲೆ ಚಿತ್ತಾಪುರ ಕಡೆಯವರು, ಮುಂಬಯಿ ಕಡೆ ದುಡಿಯಲು ಬಂದವರು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು, ಇಲ್ಲಿ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ನಾಗವೇಣಿ ಬಿ.ಎ. ಪಾಸಾಗಿದ್ದಾಳೆ. ನನ್ನ ಮಗ ರೇವಣಸಿದ್ದ ಇಲ್ಲಿಯ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ರೈಲು ಹಳಿ ದಾಟುವಾಗ ತೀರಿಕೊಂಡ. ಆಗ ನಾಗವೇಣಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೊಮ್ಮಗಳು ಅನಸೂಯಾ ತಂದೆಯ ಮುಖ ಕಂಡಿಲ್ಲ.

ಕೂಸನ್ನು ನಾನು ನೋಡಿಕೊಳ್ಳುತ್ತೇನೆ. ಪಕ್ಕದ ಖೋಲಿಯ ಸಾಬವ್ವ ಈಗಲೇ ಆಡಿಕೊಳ್ಳುತ್ತಿದ್ದಾಳೆ: “ಸೊಸೀನ್ನ ಸಾಲಿಗಿ ಕಳಸ್ತಾಳಂತ. ನಾಳಿ ಅಕಿ ಹಾರಿ ಹೋದಳಂದ್ರ ನೀ ರೊಟ್ಟಿ ಬಡಕೋತ ಕೂಡು.” ಕೂಡುತ್ತೇನೆ ಎಂದೆ. ನಮ್ಮ ಕಡೆಯ ಹುಡುಗರು ಇಲ್ಲಿ ಬಹಳ ಇದ್ದಾರೆ. ಅವರು ಹೇಳಿಕೊಳ್ಳುವುದನ್ನು ಅವರ ಮಾತಿನಲ್ಲೇ ಕೇಳುವವರು ಒಬ್ಬರಾದರೂ ಇರಬೇಕು. ನಮ್ಮ ದೇವರು ಶರಣಬಸಪ್ಪ ನಿಮ್ಮ ಮನಸ್ಸಿಗೆ ದಾರಿ ತೋರಲಿ.

ಸತ್ಯಮ್ಮ


ನೆರೂಳ, ೧ ಜುಲೈ ೧೯೯೬

ಸತ್ಯಮ್ಮನವರಿಗೆ ವಂದನೆಗಳು.

ನಾಗವೇಣಿಗೆ ಸೀಟು ಸಿಕ್ಕಿದೆ. ಸುಲಭವಾಗಿ ಸಿಗಲಿಲ್ಲ. ನಮ್ಮ ಸಮಿತಿಯ ಮಧ್ವರಾಜರು, “ಪುಸ್ತಕ ಎಲ್ಲ ಇಂಗ್ಲಿಷಲ್ಲಿ ಉಂಟು. ಆ ಹುಡುಗಿ ಹೇಗೆ ಓದುದು ಮಾರಾಯ್ರೆ?” ಎಂದು ಒಂದು ಗಂಟೆ ವಾದ ಮಾಡಿದರು. ಕೊನೆಗೆ ನಿಮ್ಮ ಪತ್ರವನ್ನೇ ಓದಿದೆ. ಅತ್ತೆಯೊಬ್ಬಳು ಸೊಸೆಯ ಓದಿಗಾಗಿ ಬರೆದ ಪತ್ರವನ್ನು ಈ ಕೆಲಸದ ಹದಿನೆಂಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ.

ಇಲ್ಲಿ ಕನ್ನಡದಲ್ಲಿ ಕಲಿಸುವವಳು ನಾನೊಬ್ಬಳೇ. ಆದ್ದರಿಂದ ಅವಳು ಎರಡು ವರ್ಷವೂ ನನ್ನ ಕೈಕೆಳಗೇ ಇರುತ್ತಾಳೆ. ಶನಿವಾರ, ಭಾನುವಾರ ತರಗತಿ. ಜನವರಿಯಿಂದ ನಿಜವಾದ ಕುಟುಂಬಗಳ ಜೊತೆ ಕೂರಬೇಕು. ಅದಕ್ಕೆ ಮೊದಲು ಒಂದು ನಿಯಮವಿದೆ. ಬೇರೆಯವರ ಮನೆಯ ಕಷ್ಟ ಕೇಳುವವರು ಮೊದಲು ತಮ್ಮ ಮನೆಯದನ್ನು ತಿಳಿದಿರಬೇಕು. ವಿದ್ಯಾರ್ಥಿಯು ತನ್ನ ಮನೆತನದ ಮೂರು ತಲೆಮಾರಿನ ನಕ್ಷೆ ಬರೆಯಬೇಕು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಒಳಗೊಂದು ಗೀಟು. ಯಾರು ಹೇಗೆ ಬದುಕಿದರು, ಹೇಗೆ ಹೋದರು ಎಂಬುದೂ ಅದರಲ್ಲಿರಬೇಕು. ಆಮೇಲೆ ಮನೆಯ ಹಿರಿಯರೊಬ್ಬರು ಒಂದು ದಿನ ಬಂದು ಅವಳ ಪಕ್ಕ ಕೂತು, ಆ ನಕ್ಷೆಯ ಬಗ್ಗೆ ನಮ್ಮೊಂದಿಗೆ ಮಾತಾಡಬೇಕು. ನೀವೇ ಬರುತ್ತೀರಿ ಎಂದು ನಂಬಿದ್ದೇನೆ.

ನಳಿನಾಕ್ಷಿ


ಶಹಾಡ್, ೨೦ ಆಗಸ್ಟ್ ೧೯೯೬

ಅಕ್ಕೋರಿಗೆ ಶರಣು.

ನಿಮ್ಮ ಉಪಕಾರವನ್ನು ದೇವರ ಮುಂದೆ ದಿನವೂ ನೆನೆಯುತ್ತೇನೆ. ನಾಗವೇಣಿ ಶನಿವಾರ ನಸುಕಿನಲ್ಲೇ ಏಳುತ್ತಾಳೆ. ಕಲ್ಯಾಣ, ಕುರ್ಲಾ, ಅಲ್ಲಿ ಗಾಡಿ ಬದಲಿಸಿ ನೆರೂಳ. ಹೋಗಿ ಬರುವುದರಲ್ಲೇ ಐದು ತಾಸು. ನಿಂತೇ ಓದುತ್ತಾಳಂತೆ. ಇಂಗ್ಲಿಷ್ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಾಳೆ, ಇರುವೆ ಸಾಲು ಹಾಕಿದ ಹಾಗೆ. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಈಗ ಮೊದಲ ಸಲ ಕಂಡೆ.

ಹೋದ ವಾರ ನನ್ನೆದುರು ಕೂತು ನಕ್ಷೆ ಬರೆದಳು. ನನ್ನ ತಂದೆ, ತಾಯಿ, ಸಣ್ಣವಳಿದ್ದಾಗಲೇ ಹೋದ ನನ್ನ ತಂಗಿ ಮರಗಮ್ಮ, ಎಲ್ಲರ ಹೆಸರು ಹೇಳಿದೆ. ರೇವಣಸಿದ್ದನ ಚೌಕ ಬರೆದು ಗೀಟು ಎಳೆದು, “ಅತ್ತಿ, ಅವತ್ತ ಮುಂಜಾನಿ ಅವರು ಮನಿ ಬಿಡೂಮುಂದ ಏನರ ಅಂದಿದ್ರೇನು?” ಎಂದು ಕೇಳಿದಳು. ಹಂಚಿನ ಮೇಲೆ ರೊಟ್ಟಿ ಇತ್ತು, ನಾನು ಎದ್ದೆ.

ಈಗ ಶ್ರಾವಣ, ನನಗೆ ವ್ರತಗಳಿವೆ. ಖಾನಾವಳಿಯವರು ರಜೆ ಕೊಡುವುದಿಲ್ಲ. ನೀವು ಕರೆದ ದಿನ ಬರಲಾಗುವುದಿಲ್ಲ, ತಪ್ಪು ತಿಳಿಯಬೇಡಿ.

ಸತ್ಯಮ್ಮ


ನೆರೂಳ, ೫ ಸೆಪ್ಟೆಂಬರ್ ೧೯೯೬

ಸತ್ಯಮ್ಮನವರಿಗೆ,

ನಿಮ್ಮ ಕಷ್ಟ ನನಗೆ ಮೊದಲೇ ಹೊಳೆಯಬೇಕಿತ್ತು. ಉಳಿದ ವಿದ್ಯಾರ್ಥಿಗಳ ತಂದೆತಾಯಿ ಕಾರಿನಲ್ಲಿ ಬಂದು ಇಂಗ್ಲಿಷಿನಲ್ಲಿ ಮಾತಾಡಿ ಹೋಗುತ್ತಾರೆ. ನಿಯಮವನ್ನು ಅಂಥವರನ್ನು ಕಂಡೇ ಮಾಡಿದ್ದು. ಒಂದು ದಿನದ ಕೂಲಿ ಬಿಟ್ಟು ಬರುವವರ ಬಗ್ಗೆ ಯಾರೂ ಯೋಚಿಸಲಿಲ್ಲ.

ಸಮಿತಿಯನ್ನು ಒಪ್ಪಿಸಿದ್ದೇನೆ. ನೀವು ಯಾವ ದಿನ ಬಂದರೂ ಸರಿ, ಭಾನುವಾರ ಮಧ್ಯಾಹ್ನವಾದರೂ ಸರಿ. ರೈಲಿನ ಖರ್ಚು ಕೇಂದ್ರದ್ದು. ಮಾತೆಲ್ಲ ಕನ್ನಡದಲ್ಲೇ. ಮಗುವನ್ನೂ ಕರೆತನ್ನಿ. ಶ್ರಾವಣ ಮುಗಿದ ಮೇಲೆ ಒಂದು ದಿನ ತಿಳಿಸಿ.

ನಳಿನಾಕ್ಷಿ


ಶಹಾಡ್, ೨೨ ಅಕ್ಟೋಬರ್ ೧೯೯೬

ಅಕ್ಕೋರಿಗೆ ಶರಣು.

ಕಾಗದ ತಡವಾಯಿತು. ನವರಾತ್ರಿಯಲ್ಲಿ ದೇವಿಯ ಘಟ್ಟ ಹಾಕಿ ಒಂಬತ್ತು ದಿನ ದೀಪ ಕಾಯ್ದೆ. ಅದು ಮುಗಿಯುವಷ್ಟರಲ್ಲಿ ಮೊಣಕಾಲು ಹಿಡಿಯಿತು. ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುವುದು ನನ್ನಿಂದ ಆಗದು.

ಆದರೆ ಕೈಕಟ್ಟಿ ಕೂತಿಲ್ಲ. ನಮ್ಮ ಚಾಳಿನಲ್ಲಿ ಕನ್ನಡದ ಮೂರು ಮನೆಗಳಲ್ಲಿ ಮಾತಾಡಿದ್ದೇನೆ. ಒಂದು ಮನೆಯಲ್ಲಿ ಗಂಡ ಕುಡಿಯುತ್ತಾನೆ, ಒಂದರಲ್ಲಿ ಹುಡುಗಿ ಎರಡು ತಿಂಗಳಿಂದ ಬಾಯಿ ಬಿಟ್ಟಿಲ್ಲ. ಮೂರನೆಯದು ಶಂಕ್ರೆಪ್ಪನ ಮನೆ, ಅವನ ಮಗ ಕೆಲಸ ಬಿಟ್ಟು ಗೋಡೆ ನೋಡುತ್ತ ಕೂಡುತ್ತಾನೆ. ಮೂರೂ ಮನೆಯವರು ನಾಗವೇಣಿಯ ಹತ್ತಿರ ಬರಲು ಒಪ್ಪಿದ್ದಾರೆ. “ದೆವ್ವ ಬಿಡಸಾಕೇನವಾ?” ಎಂದ ಶಂಕ್ರೆಪ್ಪ. “ದೆವ್ವರ ಇರಲಿ, ಏನರ ಇರಲಿ, ಮಗನ್ನ ಕರಕೊಂಡು ಹೋಗು,” ಎಂದೆ.

ಇವರನ್ನು ತೆಗೆದುಕೊಳ್ಳಿ ಅಕ್ಕೋರೆ, ನನ್ನನ್ನು ಬಿಡಿ. ನಮ್ಮ ಮನೆಯ ಮಾತು ಹತ್ತು ಮಂದಿಯ ಮುಂದೆ ಆಡುವುದು ನನಗೆ ಪಂಚಾಯಿತಿ ಕಟ್ಟೆ ಹತ್ತಿದ ಹಾಗೆ.

ಸತ್ಯಮ್ಮ


ನೆರೂಳ, ೪ ನವೆಂಬರ್ ೧೯೯೬

ಸತ್ಯಮ್ಮನವರೇ,

ನೇರವಾಗಿ ಬರೆಯುತ್ತೇನೆ. ಮೊದಲು ವ್ರತ ಎಂದಿರಿ, ಆಮೇಲೆ ಕೆಲಸ ಎಂದಿರಿ, ಈಗ ಮೊಣಕಾಲು. ನಾಗವೇಣಿಯನ್ನು ಕೇಳಿದರೆ, “ಅತ್ತಿ ಗುಡಿಗೆ ದಿನಾ ನಡಕೋತ ಹೋಗ್ತಾರಲ್ರಿ,” ಎನ್ನುತ್ತಾಳೆ.

ಇದನ್ನು ನಾನು ಬೇರೆ ಮನೆಗಳಲ್ಲೂ ಕಂಡಿದ್ದೇನೆ. ಸೊಸೆ ಕಲಿಯಲಿ ಎಂದು ಮೊದಲು ಆಸೆ ಪಡುತ್ತಾರೆ. ಅವಳು ಕಲಿತು ನಾಲ್ಕು ಮಾತಾಡತೊಡಗಿದಾಗ, ಕೈ ತಪ್ಪಿ ಹೋಗುತ್ತಾಳೆ ಎಂಬ ಭಯ ಹುಟ್ಟುತ್ತದೆ. ಆಗ ಬಾಯಲ್ಲಿ ಬೇಡ ಎನ್ನದೆ ಕಾಲಲ್ಲಿ ಬೇಡ ಎನ್ನುತ್ತಾರೆ. ನೀವು ಹಾಗೆ ಮಾಡುತ್ತಿಲ್ಲವಾದರೆ ಸಂತೋಷ. ಆದರೆ ಅವಳು ಈ ತಂಡದಲ್ಲೇ ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದಾಳೆ, ಡಿಸೆಂಬರ್ ಮುಗಿಯುವುದರೊಳಗೆ ಈ ಒಂದು ದಿನ ಆಗದಿದ್ದರೆ ಅವಳ ಸೀಟು ಹೋಗುತ್ತದೆ.

ನಿಮಗೆ ಬರಲಾಗದಿದ್ದರೆ ನಾನೇ ಬರುತ್ತೇನೆ. ಡಿಸೆಂಬರ್ ಒಂದನೇ ತಾರೀಕು, ಭಾನುವಾರ, ಹನ್ನೊಂದು ಗಂಟೆಗೆ ನಿಮ್ಮ ಖೋಲಿಯಲ್ಲೇ ಕೂರೋಣ. ನೀವು, ನಾಗವೇಣಿ, ನಾನು. ಬೇರೆ ಯಾರೂ ಇರುವುದಿಲ್ಲ.

ನಳಿನಾಕ್ಷಿ


ನೆರೂಳ, ೨೩ ನವೆಂಬರ್ ೧೯೯೬

ಸತ್ಯಮ್ಮನವರಿಗೆ,

ಹೋದ ಪತ್ರದ ಮಾತುಗಳಿಗೆ ಕ್ಷಮಿಸಿ. ಉತ್ತರ ಬಾರದಿದ್ದಾಗ ನೀವು ನೊಂದಿದ್ದೀರಿ ಎಂದು ತಿಳಿಯಿತು.

ನಿನ್ನೆ ಸಮಿತಿ ಕೂಡಿತ್ತು. ಪುಕ್ಕಟೆ ಸೀಟಿನಲ್ಲಿ ಬರುವವರ ಹಿರಿಯರನ್ನು ಕರೆಸುವ ನಿಯಮವೇ ಬೇಡ ಎಂದು ವಾದಿಸಿದೆ. ಮಧ್ವರಾಜರೂ ನನ್ನ ಪರವಾಗಿ ನಿಂತರು. ನಿಯಮ ಹೋಯಿತು. ನೀವು ಬರಬೇಕಿಲ್ಲ, ನಾನೂ ಒಂದನೇ ತಾರೀಕಿಗೆ ಬರುವುದಿಲ್ಲ. ನಾಗವೇಣಿ ಜನವರಿ ಒಂಬತ್ತರಂದು ಮೊದಲ ಕುಟುಂಬದೊಂದಿಗೆ ಕೂರುತ್ತಾಳೆ. ನಿಶ್ಚಿಂತೆಯಿಂದಿರಿ.

ನಳಿನಾಕ್ಷಿ


ಶಹಾಡ್, ೨೪ ನವೆಂಬರ್ ೧೯೯೬

ಅಕ್ಕೋರೆ,

ಬರುವ ಭಾನುವಾರ ನೀವು ನಮ್ಮ ಖೋಲಿಗೆ ಬರುತ್ತೀರಿ. ನನ್ನ ಎದುರು ಕೂತು, ನಾಗವೇಣಿಯ ಎದುರು, ನನ್ನ ಮಗ ಹೇಗೆ ಹೋದ ಎಂದು ಕೇಳುತ್ತೀರಿ. ದೇವರ ಗೂಡು ಆ ಖೋಲಿಯಲ್ಲೇ ಇದೆ. ಅಲ್ಲಿ ಸುಳ್ಳು ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಮೊದಲು ಬರೆದು ತಿಳಿಸುತ್ತೇನೆ. ಸೊಸೆ ಕೈ ತಪ್ಪಿ ಹೋಗುತ್ತಾಳೆಂಬ ಭಯ ಎಂದು ಬರೆದಿದ್ದಿರಿ. ಭಯ ಇದ್ದದ್ದು ನಿಜ, ಕಾರಣ ಬೇರೆ.

ರೇವಣಸಿದ್ದ ಹಳಿ ದಾಟುವಾಗ ಸಾಯಲಿಲ್ಲ. ಗಾಡಿಯ ಮುಂದೆ ತಾನಾಗಿ ಹೋಗಿ ನಿಂತ.

ನಾಗವೇಣಿ ತವರಿಗೆ ಹೋದ ಮೇಲೆ ಅವನಿಗೆ ನಿದ್ದೆ ಹೋಯಿತು. ಕೆಲಸಕ್ಕೆ ಹೋಗಲೊಲ್ಲ, ಉಣ್ಣಲೊಲ್ಲ. ನಾನು ಮಠದಿಂದ ದಾರ ತಂದು ಕಟ್ಟಿದೆ, ಹಣೆಗೆ ವಿಭೂತಿ ಹಚ್ಚಿದೆ, ಐದು ಸೋಮವಾರ ಹಿಡಿದೆ. ಯಾರೋ ಹೇಳಿದರೆಂದು ಕಲ್ಯಾಣದ ಒಂದು ದವಾಖಾನೆಗೂ ಕರೆದುಕೊಂಡು ಹೋದೆ. ಡಾಕ್ಟರು ಮರಾಠಿಯವರು, ಒಳ್ಳೆಯವರು, ಅವಸರ ಮಾಡಲಿಲ್ಲ. ನನ್ನ ಮಗನಿಗೆ ಬರುತ್ತಿದ್ದ ಹಿಂದಿ ಮರಾಠಿ ಎತ್ತು, ಇಳಿಸು, ಎಷ್ಟು ಚೀಲ, ಯಾವ ಗೇಟು ಎನ್ನುವಷ್ಟು. ಒಳಗಿನದನ್ನು ಹೇಳಲು ಅದು ಸಾಲದು. ಅವನು ಡಾಕ್ಟರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ ಹೇಳಿದ:

“ಅವ್ವಾ, ಗಾಡಿ ಬರೂ ಸಪ್ಪಳಾ ಕೇಳಿದ್ರ ಅದರ ಮುಂದ ಹೋಗಿ ನಿಂದ್ರಬೇಕು ಅನಸ್ತದ. ಕಾಲು ತಾವ ನಡೀತಾವ. ನಂಗ ನನ್ನ ಅಂಜಿಕಿ ಬರ್ಲಿಕತ್ತದ. ಡಾಕ್ಟರಗ ಹೇಳು.”

ಡಾಕ್ಟರು ನನ್ನನ್ನು ಕೇಳಿದರು, ಏನು ಹೇಳುತ್ತಾನೆ ಎಂದು.

ನಿದ್ದೆ ಬರುವುದಿಲ್ಲವಂತೆ ಎಂದೆ.

ಅಷ್ಟೇ ಹೇಳಿದೆ ಅಕ್ಕೋರೆ. ಆ ಮಾತನ್ನು ಬಾಯಿಂದ ಹೊರಡಿಸಿದರೆ ಅದು ನಿಜವಾಗುತ್ತದೆ ಎನಿಸಿತು. ಅವರು ಕಾಗದದ ಮೇಲೆ ಬರೆದರೆ ಪೊಲೀಸರಿಗೆ ಹೋದೀತು, ಬೀಗರ ಮನೆಗೆ ತಿಳಿದೀತು, ಬಸುರಿ ಹೆಣ್ಣು ಕೇಳಿ ಏನಾದೀತು ಎನಿಸಿತು. ದೇವರಿದ್ದಾನೆ, ಕಾಯುತ್ತಾನೆ ಎಂದುಕೊಂಡೆ. ಡಾಕ್ಟರು ನಿದ್ದೆಯ ಗುಳಿಗೆ ಬರೆದರು, ಹೆಂಡತಿ ಬಂದ ಮೇಲೆ ಮನೆಯವರೆಲ್ಲ ಕೂಡಿ ಒಂದು ಸಲ ಬನ್ನಿ ಎಂದರು. ಹ್ಞೂಂ ಎಂದೆ.

ನಾನು ಏನು ಹೇಳಿದೆ ಎಂಬುದು ನನ್ನ ಮಗನಿಗೆ ತಿಳಿಯಿತು. ಅಷ್ಟು ಮರಾಠಿ ಅವನಿಗೂ ಬರುತ್ತಿತ್ತು. ನನ್ನ ಮುಖ ನೋಡಿದ. ಆಮೇಲೆ ನನ್ನ ಹತ್ತಿರ ಏನೂ ಹೇಳಲಿಲ್ಲ, ಕೇಳಲಿಲ್ಲ. ಎಂಟು ದಿನ ಸುಮ್ಮನಿದ್ದ. ಗುಣವಾಯಿತು ಎಂದು ನಾನು ಗುಡಿಯಲ್ಲಿ ಕಾಯಿ ಒಡೆಸಿದೆ. ಒಂಬತ್ತನೆಯ ದಿನ ಮುಂಜಾನೆ, ಎಲ್ಲರೂ ಡ್ಯೂಟಿಗೆ ಹೋಗುವ ಹೊತ್ತಿನಲ್ಲಿ ಹೋದ. ಶಹಾಡಿನಲ್ಲಿ ಹಳಿ ದಾಟುವಾಗ ಸಾಯುವವರು ಎಷ್ಟೋ ಮಂದಿ. ಹಾಗೆಂದೇ ಎಲ್ಲರೂ ಅಂದರು, ನಾನೂ ಅಂದೆ. ನಾಗವೇಣಿಗೂ ಹಾಗೇ ಹೇಳಿದೆ.

ಸಂಘದ ಗೋಡೆಯ ಮೇಲೆ ನಿಮ್ಮ ಕಾಗದ ನೋಡಿದಾಗ ನನ್ನ ಕಾಲು ಏಕೆ ನಿಂತವು ಎಂದು ಈಗ ತಿಳಿಯಿತಲ್ಲ.

ಭಾನುವಾರ ಬನ್ನಿ. ಅವಳಿಗೆ ನೀವೇ ಹೇಳಿ. ನನ್ನ ಬಾಯಿಗೆ ಅದು ಬರುವುದಿಲ್ಲ.

ಸತ್ಯಮ್ಮ


ಶಹಾಡ್, ೨೭ ನವೆಂಬರ್ ೧೯೯೬ (ಕಾರ್ಡು)

ಅಕ್ಕೋರಿಗೆ. ನೀವು ಬರಬೇಕಿಲ್ಲ ಎಂದು ಬರೆದದ್ದು ಇವತ್ತು ಕೈಗೆ ಬಂತು. ನಾನು ಭಾನುವಾರ ಒಂದು ಲಕೋಟೆ ಹಾಕಿದ್ದೇನೆ. ಅದನ್ನು ಒಡೆಯಬೇಡಿ, ಸುಟ್ಟುಬಿಡಿ. ಕೈ ಮುಗಿಯುತ್ತೇನೆ. ಸತ್ಯಮ್ಮ


ನೆರೂಳ, ೨ ಡಿಸೆಂಬರ್ ೧೯೯೬

ಸತ್ಯಮ್ಮನವರಿಗೆ,

ಕಾರ್ಡು ಬರುವ ಮೊದಲೇ ಲಕೋಟೆ ಬಂದಿತ್ತು. ಓದಿದ್ದೇನೆ.

ರೈಲಿನ ಖರ್ಚು, ಭಾಷೆ, ರಜೆ, ದೂರ, ಇವೇ ನಿಮ್ಮನ್ನು ತಡೆಯುತ್ತಿವೆ ಎಂದುಕೊಂಡು ನಾನು ಒಂದೊಂದನ್ನೇ ತೆಗೆಯುತ್ತ ಬಂದೆ. ನಿಮಗೆ ನಿಲ್ಲಲು ಜಾಗವೇ ಇಲ್ಲದಂತೆ ಮಾಡುತ್ತಿದ್ದೇನೆ ಎಂದು ತಿಳಿಯಲಿಲ್ಲ. ಅದರ ಮೇಲೆ ಆ ಮಾತುಗಳನ್ನು ಬೇರೆ ಬರೆದೆ.

ಸುಡಬಹುದು. ಸುಟ್ಟರೂ ನನಗೆ ಗೊತ್ತಿರುವುದು ಹೋಗುವುದಿಲ್ಲ. ವಾರಕ್ಕೆ ಎರಡು ದಿನ ನಾಗವೇಣಿ ನನ್ನೆದುರು ಕೂರುತ್ತಾಳೆ. ಒಂದು ಮನೆಯ ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಟ್ಟುಕೊಂಡು ಆ ಮನೆಗೆ ನೆರವಾಗಲು ಆಗದು ಎಂದು ನಾನೇ ಅವಳಿಗೆ ಕಲಿಸಿದ್ದೇನೆ. ಅವಳ ಗಂಡನ ಸಾವನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ಅವಳಿಗೆ ಪಾಠ ಹೇಳಲು ನನ್ನಿಂದಾಗದು.

ಹೇಳಬೇಕಾದವರು ನೀವು. ನಾನು ಹೇಳಿದರೆ, ದವಾಖಾನೆಯಲ್ಲಾದಂತೆ ಮತ್ತೊಮ್ಮೆ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಂತಾಗುತ್ತದೆ. ಜನವರಿ ಒಂಬತ್ತರ ಒಳಗೆ ನೀವು ಹೇಳದಿದ್ದರೆ ನಾನು ಅವಳ ಗುರುವಾಗಿ ಇರಲಾರೆ. ನಾನಿಲ್ಲದಿದ್ದರೆ ಇಲ್ಲಿ ಅವಳಿಗೆ ಕಲಿಸುವವರಿಲ್ಲ, ಸೀಟು ಉಳಿಯುವುದಿಲ್ಲ. ಇದು ಬೆದರಿಕೆಯಂತೆ ಕೇಳುತ್ತದೆ ಎಂದು ನನಗೆ ಗೊತ್ತು. ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ.

ನಳಿನಾಕ್ಷಿ


ಶಹಾಡ್, ೧೭ ಡಿಸೆಂಬರ್ ೧೯೯೬

ಅಕ್ಕೋರಿಗೆ,

ಹೇಳಿದೆ.

ಸೋಮವಾರ ಮಧ್ಯಾಹ್ನ, ಅನಸೂಯಾ ಮಲಗಿದ್ದಳು. ನಾಗವೇಣಿ ಸೊಪ್ಪು ಸೋಸುತ್ತಿದ್ದಳು. ಮೊದಲಿನಿಂದ ಕಡೆಯವರೆಗೆ ಹೇಳಿದೆ. ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. ದವಾಖಾನೆಯ ಮಾತು ಬಂದಾಗ, “ಅವರು ಅಂದಿದ್ದು ಅವರ ಮಾತಿನ್ಯಾಗ ಹೇಳ್ರಿ ಅತ್ತಿ,” ಎಂದಳು. ಹೇಳಿದೆ. “ಇನ್ನೊಮ್ಮಿ ಹೇಳ್ರಿ.” ಇನ್ನೊಮ್ಮೆ ಹೇಳಿದೆ. ಬಾಯಿಗೆ ಬರುವುದಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ, ಬಂತು. ಎರಡೂವರೆ ವರ್ಷದಿಂದ ನಾಲಿಗೆಯ ಮೇಲೇ ಇದ್ದಂತೆ ಬಂತು.

ಆಮೇಲೆ ಕೇಳಿದಳು, “ನನ್ನ ಯಾಕ ಸಾಲಿಗಿ ಹಚ್ಚಿದ್ರಿ?”

“ಪಾಪ ಕಳೀಲಿ ಅಂತ.”

“ಯಾರ ಪಾಪ?”

“ನಂದಽ ಯವ್ವಾ.”

“ಹಂಗಿದ್ರ ಈ ಓದು ನಂದಲ್ಲ ಬಿಡ್ರಿ. ನಿಮ್ಮ ಹರಕಿ. ನಾ ನಂದು ಅನಕೊಂಡು ರೈಲಿನ್ಯಾಗ ನಿಂತು ಓದಿದೆ.”

ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪಿನ ಪಲ್ಯ ಮಾಡಿ, ನನಗೆ ಬಡಿಸಿಟ್ಟು, ಕೂಸನ್ನು ಎತ್ತಿಕೊಂಡು ಕಳಂಬೋಲಿಗೆ ಹೋದಳು. ಅಲ್ಲಿ ಕಬ್ಬಿಣದ ಬಜಾರಿನಲ್ಲಿ ಅವಳ ಅಣ್ಣ ಯಂಕಪ್ಪ ಇದ್ದಾನೆ. ಪುಸ್ತಕ ಒಯ್ದಿಲ್ಲ. ಎಲ್ಲ ಇಲ್ಲೇ ಇವೆ, ಇರುವೆ ಸಾಲಿನ ಅಕ್ಷರಗಳ ಸಮೇತ. ನಿಮ್ಮ ಹತ್ತಿರ ಬರುತ್ತಾಳೋ ಇಲ್ಲವೋ ನನಗೆ ಹೇಳಿಲ್ಲ.

ಸಾಬವ್ವ ಬಂದಿದ್ದಳು. “ಹೇಳಿದ್ದೆನಿಲ್ಲ?” ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಹಿಟ್ಟು ನಾದಿಕೊಟ್ಟು ಹೋದಳು.

ಅಕ್ಕೋರೆ, ಅವಳು ಬಂದರೆ ಸೀಟು ಕೊಡಿ. ಹರಕೆ ನನ್ನದಾದರೂ ಬುದ್ಧಿ ಅವಳದೇ.

ಸತ್ಯಮ್ಮ


ನೆರೂಳ, ೧೧ ಜನವರಿ ೧೯೯೭

ಸತ್ಯಮ್ಮನವರಿಗೆ,

ನಾಗವೇಣಿ ಡಿಸೆಂಬರಿನಲ್ಲಿ ಬರಲೇ ಇಲ್ಲ. ಬರುವುದಿಲ್ಲ ಎಂದೇ ತಿಳಿದಿದ್ದೆ. ಒಂಬತ್ತನೇ ತಾರೀಕು, ಎಲ್ಲರೂ ಕೂತ ಮೇಲೆ ಬಂದಳು. ಕೈಯಲ್ಲಿ ಪುಸ್ತಕ ಇರಲಿಲ್ಲ.

ಬಂದಿದ್ದು ನೀವು ಕಳಿಸಿದ ಶಂಕ್ರೆಪ್ಪನ ಮನೆಯವರೇ. ಹುಡುಗನನ್ನು ಏನು ಕೇಳಿದರೂ ತಾಯಿಯೇ ಉತ್ತರ ಕೊಡುತ್ತಿದ್ದರು. ಹಸಿವಿಲ್ಲವಂತೆ, ಬೇಸರವಂತೆ, ದೃಷ್ಟಿಯಾಗಿದೆಯಂತೆ. ಹಿಂದೆ ಕೂತಿದ್ದ ನಾನು ಬಾಯಿ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ನಾಗವೇಣಿ ಆ ತಾಯಿಯ ಮೊಣಕೈ ಹಿಡಿದು, “ಯವ್ವಾ, ತಡೀರಿ. ಅವ ಹೇಳ್ಲಿ,” ಎಂದಳು. ಆಮೇಲೆ ಹುಡುಗ ಹೇಳಿದ.

ಅವರು ಹೋದ ಮೇಲೆ ಅವಳು ಗೋಡೆಗೆ ಒರಗಿ ನಿಂತಿದ್ದಳು. “ಮೇಡಂ, ಇದು ಮತ್ತ ಮಾಡಾಕ ಆಗ್ತದೋ ಇಲ್ಲೋ ಗೊತ್ತಿಲ್ರಿ,” ಎಂದಳು. ಶಹಾಡಿಗೆ ಹೋಗುತ್ತೀಯಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು, ಇಲ್ಲ ಎಂದು. ಇಷ್ಟನ್ನು ನಿಮಗೆ ಬರೆಯಬಹುದೇ ಎಂದು ಕೇಳಿ, ಅವಳು ಒಪ್ಪಿದ ಮೇಲೆ ಬರೆದಿದ್ದೇನೆ. ಅವಳ ಪುಸ್ತಕಗಳನ್ನು ಪಾರ್ಸೆಲ್ ಮಾಡಿ ನನ್ನ ವಿಳಾಸಕ್ಕೆ ಕಳಿಸಿ.

ನಳಿನಾಕ್ಷಿ


ಶಹಾಡ್, ೨೦ ಜನವರಿ ೧೯೯೭

ಅಕ್ಕೋರಿಗೆ ಶರಣು.

ಪುಸ್ತಕ ಇವತ್ತು ಪೋಸ್ಟಿಗೆ ಹಾಕಿದೆ. ಅನಸೂಯಾಳ ಎರಡು ಅಂಗಿ ಇಲ್ಲೇ ಉಳಿದಿದ್ದವು, ಒಗೆದು ಅದರಲ್ಲೇ ಇಟ್ಟಿದ್ದೇನೆ. ನಾನು ಇಟ್ಟೆ ಎಂದು ಹೇಳಬೇಡಿ, ಹೇಳದಿದ್ದರೂ ತಿಳಿಯುತ್ತದೆ.

ನಾಗವೇಣಿಯ ಬಗ್ಗೆ ನಾನು ಇನ್ನು ಕೇಳುವುದಿಲ್ಲ. ಅವಳು ಒಪ್ಪಿದಷ್ಟನ್ನೇ ಬರೆಯಿರಿ, ಒಪ್ಪದಿದ್ದರೆ ಬರೆಯಬೇಡಿ.

ಶಂಕ್ರೆಪ್ಪನ ಖೋಲಿ ನಮ್ಮ ಸಾಲಿನಲ್ಲೇ ಇದೆ. ಆ ತಾಯಿ ನಳದ ಹತ್ತಿರ ಸಿಗುತ್ತಾಳೆ, ನನ್ನ ಮುಖ ನೋಡುವುದಿಲ್ಲ, ನಾನೂ ಮಾತಾಡಿಸುವುದಿಲ್ಲ. ಮುಂಜಾನೆ ಗಾಡಿಯ ಸಪ್ಪಳವಾದಾಗ ಅವರ ಬಾಗಿಲ ಕಡೆ ನೋಡುತ್ತೇನೆ. ಆ ಹುಡುಗ ನಿಮ್ಮಲ್ಲಿ ಏನು ಹೇಳಿದ ಎಂದು ನಾನು ಕೇಳುವುದಿಲ್ಲ. ಅದು ಅವನದು. ಎರಡನೆಯ ಸಲ ಬಂದನೋ ಇಲ್ಲವೋ, ಅದೊಂದನ್ನು ಬರೆಯಿರಿ.

ಸತ್ಯಮ್ಮ